ನೆಟ್‌ಬಾಲ್‌ನಲ್ಲಿ ಜಿಡಿ (ಗೋಲ್ ಡಿಫೆನ್ಸ್) ಆಡುವಾಗ ಎದುರು ತಂಡದ ಜಿಎ (ಗೋಲ್ ಅಟ್ಯಾಕ್) ಪದೇ ಪದೇ ತಪ್ಪಿಸಿಕೊಳ್ಳುತ್ತಾಳೆ, ಮಾರ್ಕಿಂಗ್ ಸುಧಾರಿಸುವುದು ಹೇಗೆ?

ಹೊಸ ಜಿಡಿ:

ಎಲ್ಲರಿಗೂ ನಮಸ್ಕಾರ. ನಾನು ನೆಟ್‌ಬಾಲ್‌ನಲ್ಲಿ ಮೊದಲು ವಿಂಗ್ ಡಿಫೆನ್ಸ್ (ಡಬ್ಲ್ಯೂಡಿ) ಆಡುತ್ತಿದ್ದೆ. ಈ ಸೀಸನ್‌ನಿಂದ ಗೋಲ್ ಡಿಫೆನ್ಸ್ ಬಿಬ್ (ಆಡುವ ಜಾಗದ ಅಕ್ಷರ ಇರುವ ಮೇಲಂಗಿ) ಕೊಟ್ಟಿದ್ದಾರೆ. ಓಟ ಚೆನ್ನಾಗಿದೆ, ಜಿಗಿತವೂ ಪರವಾಗಿಲ್ಲ. ಮಾರ್ಕಿಂಗ್‌ನಲ್ಲಿ, ಅಂದರೆ ಎದುರಾಳಿಗೆ ಚೆಂಡು ಸಿಗದ ಹಾಗೆ ಕಾಯುವುದರಲ್ಲಿ ಮಾತ್ರ ಒದ್ದಾಡುತ್ತಿದ್ದೇನೆ.

ಜಿಎಯನ್ನು ನೋಡುತ್ತಾ ನಿಂತರೆ ಚೆಂಡು ಯಾವಾಗ ಬಂತು ಅಂತ ಗೊತ್ತೇ ಆಗುವುದಿಲ್ಲ. ಚೆಂಡು ನೋಡಿದರೆ ಆಕೆ ಅಲ್ಲಿರುವುದಿಲ್ಲ. ನಾನು ತಿರುಗುವಷ್ಟರಲ್ಲಿ ಗೋಲ್ ಸರ್ಕಲ್ (ಶಾಟ್ ಹಾಕುವ ಅರ್ಧ ವೃತ್ತ) ಒಳಗೆ ಚೆಂಡು ಹಿಡಿದು ಶಾಟ್‌ಗೆ ತಯಾರಾಗಿರುತ್ತಾಳೆ. ಆಟ ಶುರು ಮಾಡುವ ಸೆಂಟರ್ ಪಾಸ್‌ನಲ್ಲೂ ಇದೇ ಕಥೆ.

ಜೊತೆಗೆ ಪೆನಾಲ್ಟಿ. ಕೋಚ್ "ಅಂಟಿಕೊಂಡೇ ಇರು" ಅನ್ನುತ್ತಾರೆ. ಅಂಟಿಕೊಂಡರೆ ಕಾಂಟ್ಯಾಕ್ಟ್ ಅಂತ ಸೀಟಿ. ಚೆಂಡು ಹಿಡಿದವಳ ಎದುರು ಕೈ ಎತ್ತಿದರೆ ಅಬ್‌ಸ್ಟ್ರಕ್ಷನ್ (ತೀರಾ ಹತ್ತಿರದಿಂದ ಅಡ್ಡಿ) ಅಂತ ಸೀಟಿ. ಈಗೀಗ ಹತ್ತಿರ ಹೋಗಲಿಕ್ಕೇ ಹಿಂಜರಿಕೆ ಆಗುತ್ತಿದೆ.

ಇನ್ನೊಂದು ವಿಷಯ. ಎದುರು ತಂಡದಲ್ಲಿ ಎತ್ತರದ ಜಿಎಸ್ (ಗೋಲ್ ಶೂಟರ್) ಗೋಲ್ ಪೋಸ್ಟ್ ಹತ್ತಿರ ಗಟ್ಟಿಯಾಗಿ ನಿಂತುಬಿಟ್ಟರೆ, ನಾನು ನಮ್ಮ ಜಿಕೆಗೆ (ಗೋಲ್ ಕೀಪರ್) ಸಹಾಯಕ್ಕೆ ಹೋಗಬೇಕಾ, ಅಥವಾ ನನ್ನ ಜಿಎಯನ್ನು ಬಿಡಬಾರದಾ? ಆಡಿ ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇ ಡಿಫೆಂಡರ್:

ತಂಗಿ, ನೀನು ಹೇಳಿದ ತೊಂದರೆಗಳೆಲ್ಲ ಒಂದೇ ಕಡೆಯಿಂದ ಬರುತ್ತಿವೆ ಅಂತ ನನಗೆ ಅನಿಸುತ್ತದೆ. ನಿನ್ನ ಕೆಲಸ ತಡವಾಗಿ ಶುರುವಾಗುತ್ತಿದೆ. ಚೆಂಡು ಜಿಎ ಕೈಗೆ ಬಂದ ಮೇಲೆ ಡಿಫೆಂಡರ್‌ಗೆ ಉಳಿಯುವುದು ತುಂಬಾ ಕಡಿಮೆ. 0.9 ಮೀಟರ್ ದೂರದಲ್ಲಿ ನಿಂತು ಕೈ ಎತ್ತಬಹುದು, ಆಕೆ ಮೂರು ಸೆಕೆಂಡಿನೊಳಗೆ ಚೆಂಡು ಬಿಡಬೇಕು, ಅಷ್ಟೇ. ಚೆಂಡು ಬರುವ ಮುಂಚಿನ ಹೊತ್ತು ನಿನ್ನದು. ಆಕೆ ಎಲ್ಲಿಂದ ಓಟ ಶುರು ಮಾಡಬೇಕು, ಯಾವ ಕಡೆಗೆ ಓಡಬೇಕು ಅನ್ನುವುದನ್ನು ಆಗ ನೀನು ತೀರ್ಮಾನ ಮಾಡಬಹುದು.

ಮೊದಲು ನಿಲ್ಲುವ ರೀತಿ ಸರಿ ಮಾಡಿಕೋ. ಆಕೆಗೆ ಪೂರ್ತಿ ಮುಖ ಮಾಡಿ ನಿಲ್ಲಬೇಡ, ಪೂರ್ತಿ ಬೆನ್ನೂ ಕೊಡಬೇಡ. ಆಕೆಗೂ ಚೆಂಡಿಗೂ ನಡುವೆ, ಅರ್ಧ ತೆರೆದ ಬಾಗಿಲಿನ ಹಾಗೆ ಓರೆಯಾಗಿ ನಿಲ್ಲು. ಆಕೆಯ ಒಂದು ಭುಜ ನಿನ್ನ ಬೆನ್ನಿನ ಹಿಂದೆ ಇರಬೇಕು, ಇನ್ನೊಂದು ಭುಜ ನಿನ್ನ ಕಣ್ಣಂಚಿಗೆ ಕಾಣಬೇಕು. ಚೆಂಡು ಇನ್ನೊಂದು ಕಣ್ಣಂಚಿನಲ್ಲಿ ಇರಬೇಕು. ಹೀಗೆ ನಿಂತರೆ ಕತ್ತು ತುಸು ಆಡಿಸಿದರೆ ಸಾಕು, ಇಡೀ ಮೈ ತಿರುಗಿಸಬೇಕಾಗಿಲ್ಲ. "ಚೆಂಡು ನೋಡಿದರೆ ಆಕೆ ಇಲ್ಲ" ಅಂದೆಯಲ್ಲ, ಅದು ಕಣ್ಣಿನ ತೊಂದರೆಯಲ್ಲ, ನಿಂತಿರುವ ಕೋನದ್ದು.

ಮೊಣಕಾಲು ಬಗ್ಗಿರಲಿ, ತೂಕ ಮುಂಗಾಲಿನ ಮೇಲಿರಲಿ. ಹೆಜ್ಜೆ ಚಿಕ್ಕದಾಗಿ, ಬೇಗ ಬೇಗ ಹಾಕು. ಹತ್ತಿರದಲ್ಲಿ ಮಾರ್ಕ್ ಮಾಡುವಾಗ ಕಾಲಿಗೆ ಕಾಲು ಅಡ್ಡ ಬರಬಾರದು. ಅಡ್ಡ ಬಂದ ಆ ಕ್ಷಣದಲ್ಲಿ ಆಕೆ ದಿಕ್ಕು ಬದಲಿಸಿದರೆ ನಿನಗೆ ಉತ್ತರವೇ ಇರುವುದಿಲ್ಲ. ಒಳ್ಳೆಯ ಜಿಎ ಅದನ್ನೇ ಕಾಯುತ್ತಿರುತ್ತಾಳೆ. ಆಕೆಯ ತಲೆ, ಕೈ, ಕಣ್ಣು ಯಾವುದನ್ನೂ ನಂಬಬೇಡ. ಸೊಂಟ ನೋಡು. ಭುಜದಿಂದ ಮೋಸ ಮಾಡುವುದು ಸುಲಭ, ಸೊಂಟ ಹೋದ ಕಡೆಗೆ ಮಾತ್ರ ಮೈ ಹೋಗಲೇಬೇಕು.

ಯಾವ ಕಡೆ ಮುಚ್ಚಬೇಕು? ನಾನು ಯಾವಾಗಲೂ ಒಳಗಿನ ಕಡೆ, ಅಂದರೆ ಕೋರ್ಟ್‌ನ ಮಧ್ಯದ ಕಡೆ ಮುಚ್ಚುತ್ತೇನೆ. ಕೋರ್ಟ್ ಅಗಲ ಇರುವುದೇ 15.25 ಮೀಟರ್. ಆಕೆಯನ್ನು ಸೈಡ್‌ಲೈನ್ ಕಡೆಗೆ ತಳ್ಳಿದರೆ (ಮೈಯಿಂದ ಅಲ್ಲ, ಜಾಗ ಹಿಡಿಯುವುದರಿಂದ) ಪಾಸ್ ಕೊಡುವವಳಿಗೆ ಕೋನ ಕಡಿಮೆ ಆಗುತ್ತದೆ, ಚೆಂಡು ಹೆಚ್ಚು ಹೊತ್ತು ಗಾಳಿಯಲ್ಲಿ ಇರುತ್ತದೆ. ಆ ಹೆಚ್ಚಿನ ಹೊತ್ತೇ ನಿನಗೆ ಬೇಕಾಗಿದ್ದು.

ಸೆಂಟರ್ ಪಾಸ್‌ನಲ್ಲೂ ಇದೇ ಲೆಕ್ಕ. ಆ ಪಾಸನ್ನು ಸೆಂಟರ್ ಥರ್ಡ್‌ನೊಳಗೇ (ಕೋರ್ಟ್‌ನ ಮೂರು ಭಾಗಗಳಲ್ಲಿ ಮಧ್ಯದ್ದು) ಹಿಡಿಯಬೇಕು ಇಲ್ಲವೇ ಮುಟ್ಟಬೇಕು ಅನ್ನುವುದು ನಿಯಮ. ಹಾಗಾಗಿ ಜಿಎ ಗೆರೆ ದಾಟಿ ಬರಲೇಬೇಕು. ಸೀಟಿಗೆ ಮುಂಚೆಯೇ ಗೆರೆಯ ಹತ್ತಿರ ಒಳಗಿನ ಜಾಗ ಹಿಡಿದುಬಿಡು. ಆಕೆ ನಿನ್ನನ್ನು ಸುತ್ತಿ ಹೊರಗಿನಿಂದ ಬರುವಂತಾಗಲಿ. ಸೀಟಿ ಆದಾಗ ಆಕೆಯ ಹಿಂದೆ ಓಡಬೇಡ. ಆಕೆಯ ಜೊತೆಗೇ, ಅರ್ಧ ಹೆಜ್ಜೆ ಚೆಂಡಿನ ಕಡೆಗೆ ಓಡು.

ಇನ್ನು ಇಂಟರ್‌ಸೆಪ್ಷನ್, ಅಂದರೆ ಪಾಸನ್ನು ದಾರಿಯಲ್ಲೇ ಕತ್ತರಿಸುವುದು. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಹೊಸ ಡಿಫೆಂಡರ್‌ಗಳು ತಮ್ಮ ಆಟಗಾರ್ತಿಯ ದಾರಿಯಲ್ಲಿ ಓಡುತ್ತಾರೆ. ಆಕೆ ಎಲ್ಲಿಗೆ ಹೋದರೆ ಅಲ್ಲಿಗೆ. ಅಲ್ಲಿಗೆ ಹೋದರೆ ಚೆಂಡು ಆಗಲೇ ಆಕೆಯ ಕೈಯಲ್ಲಿರುತ್ತದೆ. ನೀನು ಕತ್ತರಿಸಬೇಕಾಗಿರುವುದು ಚೆಂಡಿನ ದಾರಿ. ಅಂದರೆ ಯಾವಾಗಲೂ ಮುಂದಕ್ಕೆ, ಓರೆಯಾಗಿ, ಚೆಂಡಿನ ಕಡೆಗೆ ನುಗ್ಗಬೇಕು. ಪಾಸ್ ಕೊಡುವವಳ ಮೊಣಕೈ ನೋಡು. ಚೆಂಡು ಭುಜದ ಹಿಂದಕ್ಕೆ ಹೋಯಿತು ಅಂದರೆ ಉದ್ದದ ಪಾಸ್ ಬರಬಹುದು. ಎದೆಯ ಮುಂದೆ ಎರಡೂ ಕೈಯಲ್ಲಿ ಇದ್ದರೆ ಗಿಡ್ಡ ಪಾಸ್ ಅಥವಾ ಬೌನ್ಸ್ ಪಾಸ್ ಸಾಧ್ಯತೆ ಜಾಸ್ತಿ. ಕೈ ಮುಂದಕ್ಕೆ ಹೊರಟ ಮೇಲೆ ಆ ಪಾಸನ್ನು ನಿಲ್ಲಿಸುವುದು ಆಕೆಗೆ ಕಷ್ಟ. ನೀನು ಹೊರಡಬೇಕಾದ್ದು ಆಗ. ಅದಕ್ಕೂ ಮುಂಚೆ ಹೊರಟರೆ ಸುಳ್ಳು ಪಾಸಿಗೆ ಬಲಿಯಾಗುತ್ತೀಯ.

ಹೊರಟರೆ ಪೂರ್ತಿ ಹೊರಡು. ಅರ್ಧ ಮನಸ್ಸಿನ ಜಿಗಿತ ಅತ್ಯಂತ ಕೆಟ್ಟದ್ದು, ಚೆಂಡೂ ಸಿಗುವುದಿಲ್ಲ, ಆಟಗಾರ್ತಿಯೂ ಸಿಗುವುದಿಲ್ಲ. ಹಿಡಿಯಲಿಕ್ಕೆ ಆಗದಿದ್ದರೆ ಬೆರಳ ತುದಿ ತಾಗಿಸು. ಚೆಂಡಿನ ದಿಕ್ಕು ಬದಲಾದರೂ ನಿಮ್ಮ ಡಬ್ಲ್ಯೂಡಿ ಅಥವಾ ಜಿಕೆಗೆ ಅವಕಾಶ ಸಿಗುತ್ತದೆ.

ದಕ್ಷಿಣ ಆಫ್ರಿಕಾದ ಕಾರ್ಲಾ ಪ್ರಿಟೋರಿಯಸ್ ಆಟದ ವಿಡಿಯೋ ಸಿಕ್ಕರೆ ನೋಡು. 2019ರಲ್ಲಿ ಲಿವರ್‌ಪೂಲ್‌ನಲ್ಲಿ ನಡೆದ ವಿಶ್ವಕಪ್‌ನ ಶ್ರೇಷ್ಠ ಆಟಗಾರ್ತಿ ಆಕೆಯೇ. ಆಡಿದ್ದು ನಿನ್ನದೇ ಜಾಗದಲ್ಲಿ, ಜಿಡಿ. ಒಂದು ಕ್ವಾರ್ಟರ್ ಪೂರ್ತಿ ಚೆಂಡು ನೋಡದೆ ಆಕೆಯ ಕಾಲುಗಳನ್ನೇ ನೋಡು. ಚೆಂಡು ದೂರದಲ್ಲಿ ಇದ್ದಾಗ ಕಾಲು ಏನು ಮಾಡುತ್ತಿವೆ ಅನ್ನುವುದನ್ನು ಗಮನಿಸು.

ಪೆನಾಲ್ಟಿ ಬಗ್ಗೆ ಅಂಪೈರ್ ಯಾರಾದರೂ ಇದ್ದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ನನ್ನ ಕಡೆಯಿಂದ ಒಂದೇ ಮಾತು. ಆಕೆ ಚೆಂಡು ಹಿಡಿದ ಕೂಡಲೇ ಮೊದಲು ಕಾಲು ಹಿಂದಕ್ಕೆ, ಆಮೇಲೆ ಕೈ ಮೇಲಕ್ಕೆ. ಇದು ತಲೆಕೆಳಗಾದರೆ ಸೀಟಿ ಗ್ಯಾರಂಟಿ.

ಸೈಡ್‌ಲೈನ್ ಅಂಪೈರ್:

ನಮಸ್ಕಾರ. ಮೇಲಿನ ಮಾತು ನೂರಕ್ಕೆ ನೂರು ಸರಿ. ನಮ್ಮ ಕಡೆಯಿಂದ ಆಟ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

0.9 ಮೀಟರ್ ಅಳೆಯುವುದು ಮುಖದಿಂದ ಮುಖಕ್ಕಲ್ಲ, ಕೈಯಿಂದ ಚೆಂಡಿಗೂ ಅಲ್ಲ. ನೆಲದ ಮೇಲೆ ಅಳೆಯುತ್ತೇವೆ. ಚೆಂಡು ಹಿಡಿದವಳು ಮೊದಲು ಊರಿದ ಕಾಲಿನಿಂದ ನಿಮ್ಮ ಹತ್ತಿರದ ಕಾಲಿನವರೆಗೆ. ಆಕೆ ಆ ಕಾಲನ್ನು ಎತ್ತಿದರೂ ಅದು ಊರಿದ್ದ ಜಾಗದಿಂದಲೇ ಲೆಕ್ಕ. ಇದು ಗೊತ್ತಿದ್ದರೆ ಎರಡು ಲಾಭ. ಆಕೆ ಇನ್ನೊಂದು ಕಾಲನ್ನು ಮುಂದಿಟ್ಟು ನಿಮ್ಮ ಹತ್ತಿರ ಬಂದರೆ ನೀವು ಗಾಬರಿಯಿಂದ ಹಿಂದೆ ಸರಿಯಬೇಕಾಗಿಲ್ಲ. ಮತ್ತೆ, ಕಾಲು ಸರಿಯಾದ ದೂರದಲ್ಲಿದ್ದರೆ ಸೊಂಟದಿಂದ ಮುಂದಕ್ಕೆ ಬಾಗಿ ಕೈಗಳನ್ನು ಚೆಂಡಿನ ಮೇಲೆ ಚಾಚಬಹುದು. ಚೆಂಡನ್ನಾಗಲಿ ಆಕೆಯನ್ನಾಗಲಿ ಮುಟ್ಟಬಾರದು, ಅಷ್ಟೇ. ತುಂಬಾ ಜನ ದೂರ ನಿಂತು ನೆಟ್ಟಗೆ ಕೈ ಎತ್ತುತ್ತಾರೆ. ಅದರಿಂದ ಶೂಟರ್‌ಗೆ ಏನೂ ತೊಂದರೆ ಆಗುವುದಿಲ್ಲ.

ಚೆಂಡು ತಡೆಯಲು ಮುಂದಕ್ಕೆ ಜಿಗಿಯಬಹುದು. ಆದರೆ ಚೆಂಡು ಸಿಗದೆ 0.9 ಮೀಟರ್ ಒಳಗೆ ಇಳಿದು ಪಾಸಿಗೋ ಶಾಟ್‌ಗೋ ಅಡ್ಡಿ ಆದರೆ ಅಬ್‌ಸ್ಟ್ರಕ್ಷನ್. ಹಾಗಾಗಿ ನೇರ ಮೇಲಕ್ಕೆ ಜಿಗಿಯುವುದನ್ನು ಮೊದಲು ಕಲಿಯಿರಿ.

ಚೆಂಡು ಇಲ್ಲದವಳನ್ನು ಮಾರ್ಕ್ ಮಾಡುವಾಗ ಎಷ್ಟು ಹತ್ತಿರ ಬೇಕಾದರೂ ಇರಬಹುದು, ಮೈ ತಾಗಬಾರದು, ಕೈ ಚಾಚಿ ದಾರಿ ಮುಚ್ಚಬಾರದು. ಚೆಂಡು ಹಿಡಿಯಲಿಕ್ಕೆ ಅಥವಾ ತಡೆಯಲಿಕ್ಕೆ ಕೈ ಚಾಚುವುದು ಬೇರೆ, ಅದಕ್ಕೆ ಅಡ್ಡಿ ಇಲ್ಲ. ಆಕೆ ಎಲ್ಲಿದ್ದಾಳೆ ಅಂತ ತಿಳಿಯಲು ಬೆನ್ನ ಹಿಂದೆ ಕೈ ಆಡಿಸುವ ಅಭ್ಯಾಸ ಕೆಲವರಿಗೆ ಇದೆ. ಅದು ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಇನ್ನೊಂದು, ಜಿಗಿದು ಗಾಳಿಯಲ್ಲಿ ಇರುವವಳು ಇಳಿಯುವ ಜಾಗಕ್ಕೆ ಕೊನೇ ಗಳಿಗೆಯಲ್ಲಿ ನುಗ್ಗಬೇಡಿ. ಅದರಿಂದ ಮೊಣಕಾಲು, ಕಣಕಾಲಿಗೆ ನಿಜವಾದ ಪೆಟ್ಟಾಗುತ್ತದೆ. ನಾನು ಅಲ್ಲಿ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಪೆನಾಲ್ಟಿ ಆದರೆ ಏನು ನಷ್ಟ ಅಂತಲೂ ನೆನಪಿಡಿ. ಪಾಸ್ ಕೊಡುವವಳ ಪಕ್ಕ ನಿಂತು, ಆಕೆಯ ಕೈಯಿಂದ ಚೆಂಡು ಹೋಗುವ ತನಕ ನೀವು ಆಟದಿಂದ ಹೊರಗೆ. ಅಷ್ಟು ಹೊತ್ತು ನಿಮ್ಮ ತಂಡ ಆರು ಜನರಲ್ಲಿ ಆಡುತ್ತದೆ. ಸರ್ಕಲ್ ಒಳಗಾದರೆ ಅದು ಸುಮಾರಾಗಿ ತಡೆಯೇ ಇಲ್ಲದ ಶಾಟ್.

ಗೋಲ್ ಶೂಟರ್:

ನಾನು ನಿಮ್ಮ ಎದುರು ಕಡೆಯವಳು. ನಮಗೆ ಯಾವ ಡಿಫೆಂಡರ್ ಕಷ್ಟ ಕೊಡುತ್ತಾಳೆ ಅಂತ ಹೇಳಿದರೆ ಉಪಯೋಗ ಆಗಬಹುದು.

ಶಾಟ್‌ಗೆ ಅಡ್ಡ ಕೈ ಚಾಚುವವಳು ಅಷ್ಟು ಕಷ್ಟವಲ್ಲ. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ. ಕಮಾನು ಸ್ವಲ್ಪ ಎತ್ತರಿಸಿದರೆ ಕೈ ದಾಟಿ ಹೋಗುತ್ತದೆ. ನನಗೆ ಬೇಕಾದ ಜಾಗಕ್ಕೆ ನನಗಿಂತ ಮುಂಚೆ ಬಂದು ನಿಲ್ಲುವವಳು ಕಷ್ಟ. ಸರ್ಕಲ್ ಅಂದರೆ 4.9 ಮೀಟರ್ ತ್ರಿಜ್ಯದ ಅರ್ಧ ವೃತ್ತ. ಅದರಲ್ಲಿ ಪೋಸ್ಟ್ ಹತ್ತಿರ ಚೆಂಡು ಸಿಕ್ಕರೆ ನನಗೆ ಧೈರ್ಯ. ಸರ್ಕಲ್ ಅಂಚಿನಲ್ಲಿ, ಅದೂ ಬೇಸ್‌ಲೈನ್ ಮೂಲೆಯಲ್ಲಿ ಸಿಕ್ಕರೆ ಶಾಟ್ ಹಾಕಲಾ, ಪಾಸ್ ಕೊಡಲಾ ಅಂತ ಯೋಚನೆಯಲ್ಲೇ ಮೂರು ಸೆಕೆಂಡು ಹೋಗುತ್ತದೆ. ಪೂರ್ತಿ ತಡೆಯಲಿಕ್ಕೆ ಆಗದಿದ್ದರೆ ನಮ್ಮನ್ನು ಒಂದೆರಡು ಹೆಜ್ಜೆ ಹೊರಗೆ ಇಡಿ. ಅದೂ ಗೆಲುವೇ.

ಮೊದಲನೇ ಸುಳ್ಳು ಓಟಕ್ಕೆ ಅಲುಗಾಡದವಳೂ ಕಷ್ಟ. ನಾವು ಹೆಚ್ಚಿನ ಸಲ ಒಂದು ಕಡೆ ಎರಡು ಹೆಜ್ಜೆ ಇಟ್ಟು ಇನ್ನೊಂದು ಕಡೆ ಹೊರಡುತ್ತೇವೆ. ಮೊದಲ ಎರಡು ಹೆಜ್ಜೆಗೆ ಪೂರ್ತಿ ಜವಾಬು ಕೊಡಬೇಡಿ.

ಶಾಟ್ ಹೋದ ಮೇಲೆ ನಿಂತು ನೋಡಬೇಡಿ, ದಯವಿಟ್ಟು. ನೆಟ್‌ಬಾಲ್ ರಿಂಗ್‌ಗೆ ಹಿಂದೆ ಬೋರ್ಡ್ ಇಲ್ಲ, ಚೆಂಡು ಯಾವ ಕಡೆಗೆ ಬೇಕಾದರೂ ಪುಟಿಯುತ್ತದೆ. ಚೆಂಡು ಕೈಬಿಟ್ಟ ಕೂಡಲೇ ತಿರುಗಿ ಪೋಸ್ಟ್ ಕಡೆಯ ಜಾಗ ಹಿಡಿಯಿರಿ, ಶೂಟರ್ ನಿಮ್ಮ ಬೆನ್ನ ಹಿಂದೆ ಉಳಿಯಲಿ. ಈ ಒಂದು ಅಭ್ಯಾಸ ಇರುವ ಜಿಡಿ ಜೊತೆ ಆಡುವುದು ತುಂಬಾ ಸುಸ್ತಿನ ಕೆಲಸ.

ಹೊಸ ಜಿಡಿ:

ಅಕ್ಕ, ಅಂಪೈರ್ ಸರ್, ಶೂಟರ್ ಮೇಡಂ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. 0.9 ಮೀಟರ್ ಕಾಲಿನಿಂದ ಕಾಲಿಗೆ ಅನ್ನುವುದು ಈಗ ಸ್ಪಷ್ಟ ಆಯಿತು. ನಾನು ಇಷ್ಟು ದಿನ ಮೈಯಿಂದ ಮೈಗೆ ಅಂದುಕೊಂಡು ನಿಲ್ಲುತ್ತಿದ್ದೆ.

ಎರಡು ಪ್ರಶ್ನೆ ಉಳಿದಿವೆ. ಓರೆಯಾಗಿ ನಿಲ್ಲುವುದನ್ನು ಅಭ್ಯಾಸ ಮಾಡಲು ಯಾವ ಡ್ರಿಲ್ ಒಳ್ಳೆಯದು? ತಂಡದ ಪ್ರಾಕ್ಟೀಸ್‌ನಲ್ಲಿ ಡಿಫೆನ್ಸ್‌ಗೆ ಸಿಗುವ ಸಮಯ ಕಡಿಮೆ, ನನಗೆ ಇಬ್ಬರು ಗೆಳತಿಯರು ಮಾತ್ರ ಸಿಗುತ್ತಾರೆ. ಮತ್ತೆ ಆ ಎತ್ತರದ ಜಿಎಸ್ ವಿಷಯ.

ಹಳೇ ಡಿಫೆಂಡರ್:

ಮೂವರು ಸಾಕು, ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ಒಬ್ಬಳು ಚೆಂಡು ಹಿಡಿದು ನಿಲ್ಲಲಿ, ಒಬ್ಬಳು ಅಟ್ಯಾಕರ್, ನೀನು ಡಿಫೆಂಡರ್. ಅಂದಾಜು ಐದು ಮೀಟರ್ ಚೌಕದ ಜಾಗ ಗುರುತು ಮಾಡಿಕೊಳ್ಳಿ.

ಮೊದಲು ಚೆಂಡು ಎಸೆಯುವುದೇ ಬೇಡ. ನಿನ್ನ ಎರಡೂ ಕೈಯಲ್ಲಿ ಒಂದು ಬಿಬ್ ಹಿಡಿದು ಬೆನ್ನ ಹಿಂದೆ ಇಟ್ಟುಕೋ. ಅಟ್ಯಾಕರ್ ಆ ಚೌಕದೊಳಗೆ ಬೇಕಾದ ಹಾಗೆ ಓಡಲಿ. ನೀನು ಯಾವಾಗಲೂ ಆಕೆಗೂ ಚೆಂಡಿಗೂ ನಡುವೆ ಇರಬೇಕು. ಕೈ ಇಲ್ಲದಾಗ ಕಾಲು ತಾನಾಗೇ ಕೆಲಸ ಮಾಡಲು ಕಲಿಯುತ್ತವೆ. ಚೆಂಡು ಹಿಡಿದವಳು ಮಧ್ಯೆ ಮಧ್ಯೆ ಬೆರಳು ಎತ್ತಿ ತೋರಿಸಲಿ, ಎಷ್ಟು ಬೆರಳು ಅಂತ ನೀನು ಜೋರಾಗಿ ಹೇಳಬೇಕು. ಹೇಳಲಾಗದಿದ್ದರೆ ನೀನು ಬರೀ ಆಟಗಾರ್ತಿಯನ್ನು ನೋಡುತ್ತಿದ್ದೀಯ. ಹೇಳಿದೆ ಆದರೆ ಆಕೆ ತಪ್ಪಿಸಿಕೊಂಡಳು ಅಂದರೆ ಬರೀ ಚೆಂಡು ನೋಡುತ್ತಿದ್ದೀಯ. ಎರಡೂ ಒಟ್ಟಿಗೆ ಆಗುವ ತನಕ ಮುಂದಕ್ಕೆ ಹೋಗಬೇಡ.

ಅರ್ಧ ನಿಮಿಷದ ಸುತ್ತುಗಳು ಸಾಕು, ನಡುವೆ ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಿ. ಈ ಕೆಲಸ ದಣಿವಿನಲ್ಲಿ ಮಾಡಿದರೆ ತಪ್ಪು ಹೆಜ್ಜೆಯೇ ಅಭ್ಯಾಸ ಆಗಿಬಿಡುತ್ತದೆ.

ಆಮೇಲೆ ಬಿಬ್ ಬಿಟ್ಟು ನಿಜವಾಗಿ ಪಾಸ್ ಹಾಕಿಸು. ಚೆಂಡು ಆಕೆಗೆ ಸಿಕ್ಕರೆ ಅಲ್ಲಿಗೆ ನಿಲ್ಲಿಸಬೇಡ. ಕಾಲು ಹಿಂದಕ್ಕೆ, ಕೈ ಮೇಲಕ್ಕೆ. ಆಕೆ ಪಾಸ್ ವಾಪಸ್ ಕೊಟ್ಟ ಕೂಡಲೇ ಮತ್ತೆ ಆಕೆಯ ದಾರಿಗೆ ಹೋಗಿ ನಿಲ್ಲು. ಈ ಮೂರನೇ ಭಾಗವನ್ನು ತುಂಬಾ ಜನ ಮರೆಯುತ್ತಾರೆ. ಪಾಸ್ ಹೋದಾಗ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ, ಜಿಎ ಅದೇ ಗಳಿಗೆಯಲ್ಲಿ ಸರ್ಕಲ್‌ಗೆ ಓಡುತ್ತಾಳೆ. ನೀನು ಮೊದಲ ಪೋಸ್ಟ್‌ನಲ್ಲಿ ಬರೆದ ತೊಂದರೆ ಇದೇ ಇರಬಹುದು ಅಂತ ನನ್ನ ಅಂದಾಜು. 0.9 ಮೀಟರ್ ಅಭ್ಯಾಸಕ್ಕೆ ನೆಲದ ಮೇಲೆ ಅಷ್ಟು ದೂರಕ್ಕೆ ಎರಡು ಟೇಪ್ ಅಂಟಿಸಿ, ಒಂದರ ಮೇಲಿಂದ ಇನ್ನೊಂದಕ್ಕೆ ಹಿಂದಕ್ಕೆ ಜಿಗಿಯುತ್ತಿರು. ಕೆಳಗೆ ನೋಡದೆ ಕಾಲಿಗೆ ದೂರ ಗೊತ್ತಾಗಬೇಕು.

ಈಗ ಎತ್ತರದ ಜಿಎಸ್. ಜಮೈಕಾದ ಜಾನೀಲ್ ಫೌಲರ್ ಆಟ ನೋಡಿದ್ದೀಯಾ? ಆರೂವರೆ ಅಡಿ ಎತ್ತರ. ಅಂಥವರು ಪೋಸ್ಟ್ ಹತ್ತಿರ ಜಾಗ ಹಿಡಿದು ಕೈ ಎತ್ತಿದರೆ ಹಿಂದೆ ನಿಂತ ಜಿಕೆ ಒಬ್ಬಳೇ ಏನೂ ಮಾಡಲಾಗುವುದಿಲ್ಲ. ಮೇಲಿನಿಂದ ಬರುವ ಚೆಂಡನ್ನು ಅಲ್ಲಿ ತಡೆಯುವುದಕ್ಕಿಂತ ಅದು ಹೊರಡುವ ಕಡೆ ತಡೆಯಬೇಕು. ಅಂದರೆ ಸರ್ಕಲ್ ಅಂಚಿನಿಂದ ಪಾಸ್ ಕೊಡುವ ಡಬ್ಲ್ಯೂಎ (ವಿಂಗ್ ಅಟ್ಯಾಕ್) ಮತ್ತು ಸೆಂಟರ್ ಮೇಲೆ ನಿಮ್ಮ ಡಬ್ಲ್ಯೂಡಿ, ಸೆಂಟರ್ ಒತ್ತಡ ಹಾಕಬೇಕು. ಅವರು ಸರ್ಕಲ್ ಅಂಚಿಗೇ ಬರದ ಹಾಗೆ ತಡೆದರೆ ಪಾಸ್ ದೂರದಿಂದ ಬರುತ್ತದೆ, ಆಗ ನಿನಗೆ ಅವಕಾಶ.

ನೀನು ಬಿಟ್ಟು ಹೋಗಬೇಕಾ ಅಂತ ಕೇಳಿದೆ. ನಿನ್ನ ಜಿಎ ಎಲ್ಲಿದ್ದಾಳೆ ಅನ್ನುವುದರ ಮೇಲೆ ನಿಂತಿದೆ. ಆಕೆ ಸರ್ಕಲ್ ಹೊರಗೆ, ಚೆಂಡಿನಿಂದ ದೂರ ಇದ್ದರೆ ಜಿಎಸ್ ಮುಂದಕ್ಕೆ ಬಂದು ನಿಲ್ಲು. ಜಿಕೆ ಹಿಂದೆ, ನೀನು ಮುಂದೆ. ಜಿಎ ಸರ್ಕಲ್ ಒಳಗೆ ಶಾಟ್ ಹಾಕುವ ಜಾಗದಲ್ಲಿದ್ದರೆ ಬಿಡಬೇಡ. ಬಿಡುವ ಮುಂಚೆ ಬಾಯಿಬಿಟ್ಟು ಹೇಳಬೇಕು. ನಾವು ಆಡುವಾಗ "ನನ್ನದು", "ಬದಲಿಸು", "ಹಿಂದೆ" ಅಂತ ಮೂರೇ ಮಾತು ಇಟ್ಟುಕೊಂಡಿದ್ದೆವು. ಉದ್ದ ಮಾತಿಗೆ ಅಲ್ಲಿ ಸಮಯ ಇರುವುದಿಲ್ಲ. ನಿಮ್ಮ ಜಿಕೆ ಜೊತೆ ಕೂತು ನಿಮ್ಮದೇ ಮಾತು ಗೊತ್ತುಮಾಡಿಕೊಳ್ಳಿ, ಅದನ್ನು ಪ್ರಾಕ್ಟೀಸ್‌ನಲ್ಲಿ ಕೂಗಿ ಅಭ್ಯಾಸ ಮಾಡಿ.

ಡಬ್ಲ್ಯೂಡಿ ಬಿಬ್:

ಡಬ್ಲ್ಯೂಡಿ ಆಡುವವಳಾಗಿ ಒಂದು ಮಾತು ಸೇರಿಸುತ್ತೇನೆ. ನಮಗೆ ಸರ್ಕಲ್ ಒಳಗೆ ಹೋಗುವ ಹಕ್ಕಿಲ್ಲ. ಹಾಗಾಗಿ ಸರ್ಕಲ್ ಅಂಚೇ ನಮ್ಮ ಕೊನೇ ಗೆರೆ. ಡಬ್ಲ್ಯೂಎ ಆ ಅಂಚಿಗೆ ಬಂದು ನಿಲ್ಲುವ ಮುಂಚೆ ನಾನು ಅಲ್ಲಿರಬೇಕು. ಆದರೆ ನನ್ನ ಬೆನ್ನ ಹಿಂದೆ ಸರ್ಕಲ್‌ನಲ್ಲಿ ಏನು ನಡೆಯುತ್ತಿದೆ ಅಂತ ನನಗೆ ಕಾಣುವುದಿಲ್ಲ. ನೀವು ಜಿಡಿ, ನಿಮಗೆ ಕಾಣುತ್ತದೆ. ದಯವಿಟ್ಟು ನಮಗೂ ಕೂಗಿ ಹೇಳಿ. "ಎಡಕ್ಕೆ", "ಬಲಕ್ಕೆ" ಅಂತ ಒಂದು ಮಾತು ಸಿಕ್ಕರೆ ನನ್ನ ಕೈ ಯಾವ ಕಡೆ ಇಡಬೇಕು ಅಂತ ಗೊತ್ತಾಗುತ್ತದೆ, ಆ ಕಡೆಯ ಪಾಸ್ ಮುಚ್ಚುತ್ತೇನೆ. ಇನ್ನೊಂದು ಕಡೆಗೆ ಬರುವ ಪಾಸ್ ನಿಮ್ಮದು.

ಹೊಸ ಜಿಡಿ:

ಇದು ನಾವು ಯಾವತ್ತೂ ಮಾಡಿಲ್ಲ. ನಾನು ಕೋರ್ಟ್‌ನಲ್ಲಿ ಮಾತೇ ಆಡುವುದಿಲ್ಲ. ನಮ್ಮ ಡಬ್ಲ್ಯೂಡಿಗೆ ಈ ಚರ್ಚೆ ಕಳಿಸಿದ್ದೇನೆ. ನಾಳೆ ಪ್ರಾಕ್ಟೀಸ್‌ಗೆ ಅರ್ಧ ಗಂಟೆ ಮುಂಚೆ ಬರಲು ಆ ಇಬ್ಬರು ಗೆಳತಿಯರೂ ಒಪ್ಪಿದ್ದಾರೆ. ಬಿಬ್ ಹಿಡಿದು ಮಾಡುವ ಡ್ರಿಲ್‌ನಿಂದ ಶುರು ಮಾಡುತ್ತೇವೆ. ಅಕ್ಕ, ಅಟ್ಯಾಕರ್ ಜಾಗದಲ್ಲಿ ನಿಲ್ಲುವವಳು ಪೂರ್ತಿ ವೇಗದಲ್ಲಿ ಓಡಬೇಕಾ?

ಹಳೇ ಡಿಫೆಂಡರ್:

ಬೇಡ. ಮೊದಲು ನಡಿಗೆಗಿಂತ ಸ್ವಲ್ಪ ಜಾಸ್ತಿ ವೇಗ ಸಾಕು, ದಿಕ್ಕು ಮಾತ್ರ ಪದೇ ಪದೇ ಬದಲಿಸಲಿ. ನಿನ್ನ ಕಾಲು ಅಡ್ಡ ಬರುವುದು ನಿಂತ ಮೇಲೆ ವೇಗ ಏರಿಸಿ. ಮತ್ತೆ ಮೂವರೂ ಜಾಗ ಬದಲಿಸುತ್ತಾ ಆಡಿ. ನೀನು ಅಟ್ಯಾಕರ್ ಆಗಿ ಓಡಿದಾಗ ಯಾವ ಡಿಫೆಂಡರ್ ನಿಂತ ರೀತಿ ನಿನಗೆ ಕಿರಿಕಿರಿ ಮಾಡಿತು ಅಂತ ನೋಡಿಕೋ, ಅದನ್ನು ಇಲ್ಲಿ ಬಂದು ಬರೆ.